ಬಲಗೈಗೆ ನಾಲ್ಕು ಗುಂಡಿ

ಪ್ರಕಾಶನದ ಯಜಮಾನರು ನನ್ನನ್ನು ಬಸವನಗುಡಿಗೆ ಕಳಿಸಿದ್ದು ಒಂದು ಟ್ಯಾಬ್ಲೆಟ್ ಜೋಡಿಸಿ ಬರುವುದಕ್ಕೆ. ಟ್ಯಾಬ್ಲೆಟ್ ಅಂದರೆ ನುಂಗುವ ಮಾತ್ರೆಯಲ್ಲ, ಸಿನಿಮಾ ನೋಡುವ ದೊಡ್ಡ ಫೋನೂ ಅಲ್ಲ. ಚಿತ್ರ ಬರೆಯುವವರು ಕಂಪ್ಯೂಟರಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಹಲಗೆ. ಅದರ ಮೇಲೆ ಪೆನ್ನಿನಿಂದ ಗೀಚಿದರೆ ಗೆರೆ ಪರದೆಯ ಮೇಲೆ ಮೂಡುತ್ತದೆ. ಒಂದು ಪಕ್ಕದಲ್ಲಿ ನಾಲ್ಕು ಗುಂಡಿಗಳಿರುತ್ತವೆ. ಚಾಮರಾಜಪೇಟೆಯ ನಮ್ಮ ಪ್ರಕಾಶನದಲ್ಲಿ ನಾನು ಪುಟ ವಿನ್ಯಾಸ ಮಾಡುವವಳು. ಅಲ್ಲಿಯ ಕಂಪ್ಯೂಟರುಗಳಿಗೆ ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿ, ಅವು ಮುನಿಸಿಕೊಂಡಾಗೆಲ್ಲ ರಮಿಸುವ ಕೆಲಸವೂ ಯಾವಾಗಲೋ ನನ್ನ ತಲೆಗೇ ಬಂದು ಕೂತಿದೆ. ಗುಂಡಿಗಳಿಗೆ ಒಂದೊಂದು ಕೆಲಸ ಹಚ್ಚಿ ಊಟದ ಹೊತ್ತಿಗೆ ವಾಪಸ್ ಬರುತ್ತೇನೆ ಎಂದು ಹೇಳಿ ಹೊರಟೆ.

ಹೋಗಬೇಕಾಗಿದ್ದದ್ದು ನಮ್ಮ ಅಕ್ಷರಮಾಲೆ ಪುಸ್ತಕಕ್ಕೆ ಚಿತ್ರ ಬರೆಯುವವರ ಮನೆಗೆ, ಗಾಂಧಿ ಬಜಾರಿನ ಹೂವಿನಂಗಡಿಗಳ ಹಿಂದಿನ ಬೀದಿ. ಆಫೀಸಿನಲ್ಲಿ ಎಲ್ಲರೂ ಅವರನ್ನು ಮೇಡಂ ಅಂತಲೇ ಕರೆಯುವುದು. ಅವರು ಬರೆದ ಆನೆ, ಇಲಿ, ಈರುಳ್ಳಿ ನೋಡಿಕೊಂಡೇ ನಾನು ಚಿಕ್ಕವಳಿದ್ದಾಗ ಅಕ್ಷರ ಕಲಿತದ್ದು. ಈಗ ಅದೇ ಪುಸ್ತಕವನ್ನು ಹೊಸ ಚಿತ್ರ ಹಾಕಿ ತರುವ ಯೋಜನೆ. ಕಂಪ್ಯೂಟರಿನ ಗೆರೆಗೆ ಜೀವ ಇರುವುದಿಲ್ಲ ಎಂದು ವರ್ಷಗಟ್ಟಲೆ ಮೂಗು ಮುರಿದ ಮೇಡಂ ಈ ಸಲ ತಾವೇ ಫೋನ್ ಮಾಡಿ ಟ್ಯಾಬ್ಲೆಟ್ ಬೇಕು ಅಂದಿದ್ದರು. ಯಜಮಾನರಿಗೂ ನನಗೂ ಅದೇ ದೊಡ್ಡ ಆಶ್ಚರ್ಯವಾಗಿತ್ತು.

ಬಾಗಿಲು ತೆರೆದು ‘ಬಾಮ್ಮ’ ಎಂದರು. ಬಲಗೈ ಪಕ್ಕದಲ್ಲಿ ಸುಮ್ಮನೆ ಜೋತಿತ್ತು. ಏನೋ ನೋವಿರಬೇಕು ಅಂದುಕೊಂಡೆ. ಒಳಗೆ ಹೋಗಿ ಕುರ್ಚಿಯಲ್ಲಿ ಕೂತ ಮೇಲೆ ಅವರು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ತರಕಾರಿ ಚೀಲ ಎತ್ತಿಡುವ ಹಾಗೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ನಾನು ಆ ಕೈಯನ್ನೇ ನೋಡುತ್ತಾ ಕೂತುಬಿಟ್ಟೆ. ಹಾಗೆ ದಿಟ್ಟಿಸಬಾರದು ಅಂತಲೂ ಹೊಳೆಯಲಿಲ್ಲ.

ಬೇಸಿಗೆಗೆ ಮುಂಚೆ ಸ್ಟ್ರೋಕ್ ಆಗಿತ್ತಂತೆ. ಆಫೀಸಿಗೆ ‘ಸ್ವಲ್ಪ ಹುಷಾರಿಲ್ಲ’ ಎಂದಷ್ಟೇ ಹೇಳಿದ್ದರು. ಮಾತು ಸರಿಹೋಗಿತ್ತು, ನಡಿಗೆ ಸರಿಹೋಗಿತ್ತು, ಕೈ ಮಾತ್ರ ಹಾಗೇ ಉಳಿದಿತ್ತು. ಅಷ್ಟೂ ತಿಂಗಳು ಅವರು ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದಾರೆ. ಜೊತೆಗಿದ್ದ ಅವರ ಅಕ್ಕ ಒಂದು ಕಟ್ಟು ಹಾಳೆ ತಂದು ತೋರಿಸಿದರು. ಗೆರೆ ನಡುಗುತ್ತಿತ್ತು, ಹಾಳೆಯ ಮೇಲಿನ ಬೆಕ್ಕಿನ ಕಳ್ಳನೋಟ ಮಾತ್ರ ಹಳೆಯದೇ. ಆದರೆ ಕಾಗದ ಜಾರುತ್ತದೆ, ಅದನ್ನು ಅದುಮಿ ಹಿಡಿಯಲು ಇನ್ನೊಂದು ಕೈ ಇಲ್ಲ. ಶಾಯಿಯಲ್ಲಿ ತಪ್ಪಿದರೆ ಅಳಿಸಲಾಗದು. ಅದಕ್ಕೇ ಟ್ಯಾಬ್ಲೆಟ್.

‘ನಿಮ್ಮ ಯಜಮಾನರಿಗೆ ಗೊತ್ತಾದ್ರೆ ರೆಸ್ಟ್ ತಗೊಳ್ಳಿ ಅಂತಾರೆ. ನಂಗೆ ರೆಸ್ಟ್ ಬೇಡ ಕಣಮ್ಮ. ಚಿತ್ರ ಎಲ್ಲಾ ಬರೆದು ಅವರ ಕೈಗಿಡ್ತೀನಿ. ಆಮೇಲೆ ನಾನೇ ಹೇಳ್ತೀನಿ’ ಎಂದರು ಮೇಡಂ.

ಮೇಡಂಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಯಜಮಾನರು ಆಗಲೇ ಕಂಪ್ಯೂಟರಿಗೆ ಇಂಥ ಚಿತ್ರ ಬೇಕು ಎಂದು ಟೈಪ್ ಮಾಡಿ, ಅದು ತಾನಾಗಿ ಬಿಡಿಸಿಕೊಟ್ಟ ಚಿತ್ರಗಳನ್ನು ಕೂಡಿಡುತ್ತಿದ್ದರು. ‘ಔ, ಔತಣ’ಕ್ಕೆ ಅದು ಕೊಟ್ಟ ಚಿತ್ರವನ್ನು ನನಗೆ ತೋರಿಸಿದ್ದರು. ಬಾಳೆ ಎಲೆಯ ಪಕ್ಕ ಫೋರ್ಕ್, ಎಲೆಯ ಮೇಲೆ ತೆಂಗಿನಕಾಯಿ ಗಾತ್ರದ ಲಾಡು. ಮೇಡಂ ಚಿತ್ರ ಬಾರದಿದ್ದರೆ ಶಾಲೆ ಶುರುವಾಗುವುದರೊಳಗೆ ಇವನ್ನೇ ಹಾಕಿಬಿಡೋಣ ಎಂದಿದ್ದರು. ಕೆಟ್ಟ ಮನುಷ್ಯರಲ್ಲ, ಆತುರದವರು. ಮೇಡಂಗೆ ಇದೇ ಕೊನೆಯ ಪುಸ್ತಕ ಆಗಬಹುದು, ಅದೂ ಅವರ ಚಿತ್ರವೇ ಇಲ್ಲದೆ ಬರಬಹುದು ಎನ್ನಿಸಿತು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಕೆಲಸ ಶುರುವಾಯಿತು. ಪೆನ್ನು ಎಡಗೈಯಲ್ಲಿ. ಹಾಗಾಗಿ ಕೀಬೋರ್ಡ್ ಮುಟ್ಟಬೇಕಾದರೆ ಪ್ರತಿ ಸಲ ಪೆನ್ನು ಕೆಳಗಿಡಬೇಕು, ಮತ್ತೆ ನಡುಗುವ ಕೈಯಲ್ಲಿ ಎತ್ತಿಕೊಳ್ಳಬೇಕು. ಅದಾಗದ ಮಾತು. ಆದರೆ ಬಲಗೈ ಬೆರಳುಗಳಿಗೆ ಹಿಡಿಯುವ ಶಕ್ತಿ ಇಲ್ಲದಿದ್ದರೂ ಒತ್ತುವಷ್ಟು ಶಕ್ತಿ ಇತ್ತು. ಒತ್ತಿದ್ದು ತಿಳಿಯುವಷ್ಟು ಸ್ಪರ್ಶ ಮಾತ್ರ ಇರಲಿಲ್ಲ. ಕಣ್ಣಿನಿಂದ ನೋಡಿಯೇ ಖಾತ್ರಿ ಮಾಡಿಕೊಳ್ಳಬೇಕು. ಹಾಗಾದರೆ ನಾಲ್ಕು ಗುಂಡಿಯೂ ಬಲಗೈಗೆ ಎಂದು ತೀರ್ಮಾನಿಸಿದೆವು. ಗುಂಡಿಗಳು ಎಡಪಕ್ಕದಲ್ಲಿದ್ದವು. ಹಲಗೆಯನ್ನೇ ಅರ್ಧ ಸುತ್ತು ತಿರುಗಿಸಿ ಇಟ್ಟೆ, ಗುಂಡಿಗಳು ಬಲಕ್ಕೆ ಬಂದವು. ಪೆನ್ನು ತಲೆಕೆಳಗಾಗಿ ಬರೆಯದಿರಲೆಂದು, ಹಲಗೆಯನ್ನು ನಡೆಸುವ ತಂತ್ರಾಂಶವಾದ ಡ್ರೈವರಿಗೂ ಹಲಗೆ ತಿರುಗಿದೆ ಎಂದು ತಿಳಿಸಿದೆ.

ಸೆಟ್ಟಿಂಗ್ಸ್ ತೆರೆದರೆ ಟ್ಯಾಬ್ಲೆಟ್ ಇದೆ, ಪೆನ್ನು ಇದೆ, ಗುಂಡಿಗಳ ಸುದ್ದಿಯೇ ಇಲ್ಲ. ಲಿನಕ್ಸ್ ನನಗೆ ಹೀಗೆ ಆಟ ಆಡಿಸುವುದು ಹೊಸತಲ್ಲ. ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ತೆರೆದೆ. ಅಲ್ಲಿ ಡ್ರೈವರು ಒಂದೇ ಹಲಗೆಯನ್ನು ಪೆನ್ನು, ಅಳಿಸುವ ತುದಿ, ಗುಂಡಿಪಟ್ಟಿ ಎಂದು ಮೂರು ಹೆಸರಿನಲ್ಲಿ ತೋರಿಸುತ್ತದೆ. ಗುಂಡಿಪಟ್ಟಿಯ ಒಂದನೇ ಗುಂಡಿಗೆ ಒಂದು ಆಜ್ಞೆ ಬರೆದೆ, ಕೆಲಸ ಮಾಡಿತು. ಎರಡಕ್ಕೆ ಬರೆದೆ, ಮೂರಕ್ಕೆ ಬರೆದೆ. ನಾಲ್ಕಕ್ಕೆ ಬರೆದರೆ ಗುಂಡಿ ಉಸಿರೇ ಎತ್ತಲಿಲ್ಲ. ಮೂರಾದ ಮೇಲೆ ನಾಲ್ಕು ಎಂದು ನಂಬಿಕೊಂಡು ಬೆಳೆದವಳು ನಾನು. ಗುಂಡಿ ಕೆಟ್ಟಿದೆ ಎಂದು ಹಲಗೆಯನ್ನು ಬೈದೆ. ಆಮೇಲೆ ತಿಳಿಯಿತು, ನಾಲ್ಕರಿಂದ ಏಳರವರೆಗಿನ ಅಂಕಿಗಳನ್ನು ಮೌಸಿನ ಚಕ್ರ ತಿರುಗಿಸುವುದಕ್ಕೆ ಎಂದೋ ಕಾದಿರಿಸಿಬಿಟ್ಟಿದ್ದಾರೆ. ನಾಲ್ಕನೇ ಗುಂಡಿಯ ಹೆಸರು ಎಂಟು. ಇದನ್ನು ಕೇಳಿ ಮೇಡಂ ನಕ್ಕರು.

ಯಾವ ಗುಂಡಿಗೆ ಯಾವ ಕೆಲಸ ಎಂದು ಅವರೇ ಹೇಳಿದರು. ಮೇಲಿನದು ಬರೆದದ್ದನ್ನು ವಾಪಸ್ ತೆಗೆಯುವುದಕ್ಕೆ, ಅದರ ಕೆಳಗಿನದು ರಬ್ಬರಿಗೆ, ಮೂರನೆಯದು ಹಾಳೆ ಸರಿಸುವುದಕ್ಕೆ. ಎಲ್ಲಕ್ಕಿಂತ ಕೆಳಗಿನದು ಏನಿರಲಿ ಎಂದು ಕೇಳಿದಾಗ ‘ಕನ್ನಡಿ’ ಎಂದರು. ನನಗೆ ಅರ್ಥವಾಗಲಿಲ್ಲ. ಕಾಗದದ ಕಾಲದಲ್ಲಿ ಅವರು ಪ್ರತಿ ಚಿತ್ರವನ್ನೂ ಬಚ್ಚಲ ಕನ್ನಡಿಯ ಮುಂದೆ ಹಿಡಿದು ನೋಡುತ್ತಿದ್ದರಂತೆ. ತಿರುಗಿಸಿ ನೋಡಿದಾಗ ಸೊಟ್ಟ ಕಾಲು, ಮೆಳ್ಳೆಗಣ್ಣು ತಟ್ಟನೆ ಕಾಣಿಸುತ್ತದಂತೆ. ಚಿತ್ರದ ತಂತ್ರಾಂಶದಲ್ಲೂ ಅಂಥ ಒಂದು ಸೌಕರ್ಯವಿದೆ. ಒಂದು ಸಲ ಒತ್ತಿದರೆ ಹಾಳೆ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗುತ್ತದೆ, ಇನ್ನೊಂದು ಸಲ ಒತ್ತಿದರೆ ಮೊದಲಿನಂತಾಗುತ್ತದೆ. ಚಿತ್ರ ಬದಲಾಗುವುದಿಲ್ಲ, ನೋಟ ಮಾತ್ರ. ಅಪರೂಪಕ್ಕೆ ಬೇಕಾಗುವ ಗುಂಡಿ, ಕೆಳಗೇ ಇರಲಿ ಎಂದುಕೊಂಡೆವು.

ಮರುದಿನ ಬೆಳಿಗ್ಗೆ ಫೋನ್ ಬಂತು, ಗುಂಡಿಗಳೆಲ್ಲ ಸತ್ತಿವೆ ಎಂದು. ಕಂಪ್ಯೂಟರ್ ಆರಿಸಿ ಹಚ್ಚಿದರೆ ಡ್ರೈವರಿಗೆ ಎಲ್ಲ ಮರೆತುಹೋಗುತ್ತದೆ. ಆಜ್ಞೆಗಳನ್ನೆಲ್ಲ ಒಂದು ಕಡತದಲ್ಲಿಟ್ಟು, ಕಂಪ್ಯೂಟರ್ ಶುರುವಾದಾಗ ತಾನೇ ಓಡುವಂತೆ ಮಾಡಿ ಬಂದೆ. ಅದಾದ ಮೇಲೂ ಫೋನ್ ಬಂತು. ಅಕ್ಕ ಮೇಜು ಒರೆಸುವಾಗ ಟ್ಯಾಬ್ಲೆಟ್ಟಿನ ವೈರು ಕಿತ್ತು ಮತ್ತೆ ಚುಚ್ಚುತ್ತಿದ್ದರು. ಮಡಿಯಿಂದ ಒರೆಸಬೇಕು, ವೈರು ಮಧ್ಯೆ ಬರಬಾರದು. ಅವರಿಗೆ ಹೇಳಿ ಪ್ರಯೋಜನವಿಲ್ಲ ಎಂದು ತಿಳಿದು, ವೈರು ಚುಚ್ಚಿದ ಕೂಡಲೇ ಅದೇ ಕಡತ ಓಡುವಂತೆ ನಿಯಮ ಬರೆದೆ. ಆ ದಿನ ಆಟೋದಲ್ಲಿ ಬರುವಾಗ ಯಜಮಾನರು ಫೋನ್ ಮಾಡಿ ಇನ್ನೂ ಯಾಕೆ ಅಲ್ಲಿಗೇ ಹೋಗ್ತಿದೀಯ ಎಂದು ಕೇಳಿದರು. ಗುಂಡಿ ಸರಿಮಾಡುತ್ತಿದ್ದೇನೆ ಎಂದೆ. ಆಟೋದವರು ಕನ್ನಡಿಯಲ್ಲಿ ನನ್ನನ್ನು ನೋಡಿ ನಮ್ಮ ರೋಡಿಗೂ ಸ್ವಲ್ಪ ಬನ್ನಿ ಮೇಡಂ ಎಂದರು.

ಚಿತ್ರಗಳು ಬರತೊಡಗಿದವು. ಅರಸ, ಆನೆ, ಇಲಿ, ಒಂಟೆ, ಗಡಿಯಾರ. ಗೆರೆಯ ನಡುಕವನ್ನು ಮೇಡಂ ಹೇಗೋ ಚಿತ್ರದ ಲಯವನ್ನೇ ಮಾಡಿಕೊಂಡಿದ್ದರು. ಯಜಮಾನರು ಈ ಸಲ ಸ್ಟೈಲು ಬೇರೆ ಮಾಡಿದ್ದಾರೆ, ಚೆನ್ನಾಗಿದೆ ಎಂದರು. ನಾನು ಬಾಯಿ ಬಿಗಿಹಿಡಿದು ಪುಟ ಕೂಡಿಸುತ್ತಿದ್ದೆ.

ಆಮೇಲೆ ಆ ಫೋನ್ ಬಂತು. ಮೇಡಂ ದನಿಯೇ ಗುರುತು ಸಿಗಲಿಲ್ಲ. ‘ನಿನ್ನೆ ಸರಿಯಾಗೇ ಬರೆದಿದ್ದೆ ಕಣಮ್ಮ. ಇವತ್ತು ತಿಥಿ ಎಲೆ ಆಗಿದೆ.’

ಹೋಗಿ ನೋಡಿದೆ. ‘ಔತಣ’. ಹಿಂದಿನ ದಿನವಿಡೀ ಕೂತು ಬರೆದ ಚಿತ್ರ. ಕುಡಿಬಾಳೆ ಎಲೆ, ಕೋಸಂಬರಿ, ಪಲ್ಯ, ಚಿತ್ರಾನ್ನ, ಹೋಳಿಗೆ, ಎಲೆಯ ಮುಂದೆ ಕಣ್ಣರಳಿಸಿ ಕೂತ ಒಬ್ಬ ಹುಡುಗಿ. ಆದರೆ ಎಲೆಯ ಕುಡಿ ಹುಡುಗಿಯ ಬಲಕ್ಕಿತ್ತು. ಊಟಕ್ಕೆ ಕೂತವರ ಎಡಕ್ಕೆ ಕುಡಿ ಬರಬೇಕು, ಉಪ್ಪು ಎಡತುದಿಗೆ, ಪಾಯಸ ಬಲಕ್ಕೆ. ಮದುವೆ ಮನೆಯಲ್ಲಿ ಬಡಿಸಲು ನಿಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಇಲ್ಲಿ ಉಪ್ಪಿನಿಂದ ಪಾಯಸದವರೆಗೆ ಪ್ರತಿಯೊಂದೂ ತಿರುಗಿತ್ತು. ತಮ್ಮ ಮನೆಯಲ್ಲಿ ಶ್ರಾದ್ಧಕ್ಕೆ ಮಾತ್ರ ಹೀಗೆ ಹಾಕುವುದು ಎಂದು ಅಕ್ಕ ಮೆಲ್ಲಗೆ ಹೇಳಿ ಅಡಿಗೆಮನೆಗೆ ಹೋಗಿಬಿಟ್ಟರು. ಮೇಡಂ ಪರದೆಯ ಮೂಲೆಗೆ ಬೆರಳಿಟ್ಟು ತೋರಿಸಿದರು. ಅವರು ಎಲ್ಲ ಚಿತ್ರದಲ್ಲೂ ಮಕ್ಕಳು ಹುಡುಕಲಿ ಎಂದು ಎಳ್ಳು ಗಾತ್ರದ ‘ವಿ’ ಅಡಗಿಸಿಡುತ್ತಾರೆ, ಅದೇ ಅವರ ಸಹಿ. ಹೋಳಿಗೆಯ ಪಕ್ಕದ ಆ ‘ವಿ’ ಕೂಡ ಉಲ್ಟಾ ಇತ್ತು.

ಇಂಥ ಕಾಯಿಲೆಯವರಿಗೆ ಎಡಬಲ ಕಲಸಿಹೋಗಬಹುದು, ಎಡಗೈಯಲ್ಲಿ ಬರೆಯುವಾಗ ಅಕ್ಷರ ತಿರುಗಬಹುದು, ಹಾಗಾದರೆ ತಕ್ಷಣ ಬಂದು ತೋರಿಸಿ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರಂತೆ. ಅಂತೂ ಅದೂ ಬಂತು ಎಂದರು ಮೇಡಂ. ಯಜಮಾನರಿಗೆ ತಾವೇ ಫೋನ್ ಮಾಡಿ ಎಲ್ಲ ಹೇಳಿಯೂ ಆಗಿತ್ತು. ಕೈ, ಆಸ್ಪತ್ರೆ, ಈಗ ತಲೆ. ತಮ್ಮ ಕೈಲಿ ಇನ್ನು ಆಗುವುದಿಲ್ಲ, ಬೇರೆಯವರಿಗೆ ಕೊಡಿ ಎಂದಿದ್ದರು. ಸ್ವಲ್ಪ ಹೊತ್ತಿಗೆ ಯಜಮಾನರು ನನಗೂ ಫೋನ್ ಮಾಡಿದರು. ಅವರಿಗೂ ಆಘಾತವೇ. ತಿಂಗಳುಗಟ್ಟಲೆ ನನ್ನಿಂದ ಮುಚ್ಚಿಟ್ಟಿರಲ್ಲ ಎಂದು ಬೈದರು. ಕೊನೆಗೆ ದನಿ ಇಳಿಸಿ, ಮೇಡಂಗೆ ತೊಂದರೆ ಕೊಡಬೇಡ, ಟ್ಯಾಬ್ಲೆಟ್ ಬಿಚ್ಚಿಕೊಂಡು ಬಂದುಬಿಡು, ಕಂಪ್ಯೂಟರ್ ಚಿತ್ರಗಳನ್ನೇ ಹಾಕೋಣ ಎಂದರು.

ವೈರು ಸುತ್ತಲು ಕೈ ಹಾಕಿದೆ. ಆಗಲಿಲ್ಲ. ಆ ಎಲೆ ಅಷ್ಟು ಅಚ್ಚುಕಟ್ಟಾಗಿತ್ತು. ಬುದ್ಧಿ ತಪ್ಪಿದ ಗೆರೆ ಹೀಗಿರುತ್ತದೆಯೇ ಎನ್ನಿಸಿತು. ವೈರು ಮತ್ತೆ ಚುಚ್ಚಿ, ಮೇಡಂ, ಇನ್ನೊಂದೇ ಒಂದು ಎಲೆ ಬರೆಯಿರಿ, ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ ಎಂದೆ. ಅವರು ಬೇಡ ಎಂದರು. ಬಿಡಲಿಲ್ಲ. ಅಕ್ಕನನ್ನೂ ಕರೆದು ಕೂರಿಸಿದೆ.

ಖಾಲಿ ಹಾಳೆ ತೆರೆದೆ. ಮೇಡಂ ಎಡಗೈಯಿಂದ ಬಲಗೈಯನ್ನು ಎತ್ತಿ ಹಲಗೆಯ ಮೇಲಿಟ್ಟು, ಪೆನ್ನು ಹಿಡಿದರು. ಎಲೆ ಬರೆದರು. ಕುಡಿ ಎಡಕ್ಕೆ ಬಂತು. ಉಪ್ಪು ಎಡಕ್ಕೆ, ಪಾಯಸ ಬಲಕ್ಕೆ. ‘ಸರಿಯಾಗೇ ಇದೆಯಲ್ಲೇ’ ಎಂದರು ಅಕ್ಕ. ಮೂಲೆಯಲ್ಲಿ ‘ವಿ’ ಬರೆದರು, ಅದೂ ನೆಟ್ಟಗಿತ್ತು. ಉಳಿಸಿದೆ, ಮುಚ್ಚಿದೆ, ಮತ್ತೆ ತೆರೆದೆ.

ಕುಡಿ ಬಲಕ್ಕಿತ್ತು.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಕಣ್ಣುಜ್ಜಿಕೊಂಡೆ, ನಿಜವಾಗಿ ಉಜ್ಜಿಕೊಂಡೆ. ಮೂರು ಜನ ಕಣ್ಣಾರೆ ಕಂಡದ್ದು ಒಂದು ಕ್ಷಣದಲ್ಲಿ ತಿರುಗಿ ಕೂತಿತ್ತು. ಮೇಡಂ ಮಾತ್ರ ಅಲ್ಲಾಡಲಿಲ್ಲ. ಅವರಿಗೆ ಇದು ಎರಡನೇ ಸಲ. ನನಗೂ ಸ್ಟ್ರೋಕ್ ಆಯಿತೇ ಎಂದು ಒಂದು ಗಳಿಗೆ ಹೆದರಿದ್ದು ಸುಳ್ಳಲ್ಲ. ಆಮೇಲೆ ತಲೆ ಓಡಿತು. ಮೂವರ ತಲೆಯೂ ಒಟ್ಟಿಗೆ ಕೆಡುವುದಿಲ್ಲ. ಹಾಗಾದರೆ ಕೆಟ್ಟಿರುವುದು ಮೇಜಿನ ಮೇಲಿರುವುದು.

ಮೇಡಂ ಬಲಗೈ ಎಲ್ಲಿದೆ ಎಂದು ಆಗ ನೋಡಿದೆ. ಮೇಲಿನ ಗುಂಡಿಯ ಬಳಿ ಇಟ್ಟಿದ್ದ ಕೈ ತನ್ನ ಭಾರಕ್ಕೆ ಜಾರಿ ಹಲಗೆಯ ಕೆಳತುದಿಗೆ ಬಂದಿತ್ತು. ಹೆಬ್ಬೆರಳು ಕೆಳಗಿನ ಗುಂಡಿಯ ಮೇಲೆ ಮಲಗಿತ್ತು. ಕನ್ನಡಿ.

ಎಲ್ಲ ಬಿಚ್ಚಿಕೊಂಡಿತು. ಹಾಳೆ ಖಾಲಿ ಇದ್ದಾಗ ಕೈ ಜಾರಿ ಕನ್ನಡಿಯ ಗುಂಡಿ ಒತ್ತಿಹೋಗುತ್ತದೆ. ಬಿಳಿ ಹಾಳೆ ತಿರುಗಿದರೆ ಯಾರಿಗೆ ಕಾಣುತ್ತದೆ? ಬೆರಳಿಗೆ ಸ್ಪರ್ಶವಿಲ್ಲ, ಒತ್ತಿದ್ದು ಗೊತ್ತಾಗುವುದಿಲ್ಲ. ಅವರು ಕನ್ನಡಿಯೊಳಗೇ ಚಿತ್ರವನ್ನು ಸರಿಯಾಗಿ ಬರೆಯುತ್ತಾರೆ. ಕನ್ನಡಿಯ ನೋಟ ಕಡತದಲ್ಲಿ ಉಳಿಯುವುದಿಲ್ಲ. ಮತ್ತೆ ತೆರೆದಾಗ ಕನ್ನಡಿ ಇರುವುದಿಲ್ಲ, ಚಿತ್ರ ಉಲ್ಟಾ ಇರುತ್ತದೆ. ಆನೆ, ಒಂಟೆ ಯಾವ ಕಡೆ ಮುಖ ಮಾಡಿದರೂ ಆನೆ, ಒಂಟೆಯೇ. ಬಾಳೆ ಎಲೆ ಹಾಗಲ್ಲ, ಅದಕ್ಕೆ ಎಡಬಲ ಇದೆ.

ಎಲ್ಲ ವಿವರಿಸಿ ಗುಂಡಿ ಒತ್ತಿ ತೋರಿಸಿದೆ. ಎಲೆ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಮೇಡಂ ಕೇಳಿದರು: ‘ಹಾಗಾದ್ರೆ ನಾನು ಸರಿ ಇದೀನಾ?’

ಸರಿ ಇದ್ದೀರಿ ಎಂದೆ. ಅಕ್ಕ ಅಳುತ್ತಾ ಕಾಫಿಗೆ ನೀರಿಟ್ಟರು.

ಕೆಳಗಿನ ಗುಂಡಿಗೆ ಯಾವ ಕೆಲಸವನ್ನೂ ಕೊಡದೆ ಬಾಯಿ ಮುಚ್ಚಿಸಿದೆ. ಕೈ ಜಾರಿ ಬಂದು ಬೇಕಾದಷ್ಟು ಹೊತ್ತು ಮಲಗಲಿ. ಕನ್ನಡಿಯನ್ನು ಪೂರ್ತಿ ತೆಗೆದುಬಿಡೋಣವೇ ಎಂದು ಕೇಳಿದೆ. ಅದು ಬೇಕೇ ಬೇಕು ಎಂದರು. ಹಾಗಾಗಿ ಅದನ್ನು, ಹಲಗೆ ತಿರುಗಿಸಿದ್ದರಿಂದ ಎಲ್ಲಕ್ಕಿಂತ ಮೇಲೆ ಬಂದಿದ್ದ ಎಂಟು ಎಂಬ ಹೆಸರಿನ ಗುಂಡಿಗೆ ಹತ್ತಿಸಿ, ವಾಪಸ್ ತೆಗೆಯುವುದನ್ನೂ ರಬ್ಬರನ್ನೂ ಒಂದೊಂದು ಮೆಟ್ಟಿಲು ಕೆಳಗಿಳಿಸಿ, ಹಾಳೆ ಸರಿಸುವುದನ್ನು ಬಿಟ್ಟುಕೊಟ್ಟೆವು. ಸಂಜೆ ಯಜಮಾನರೇ ಬಸವನಗುಡಿಗೆ ಬಂದರು. ಮೇಡಂ ಅವರ ಎದುರಿಗೇ ಒಂದು ಎಲೆ ಬರೆದು, ಮುಚ್ಚಿ, ತೆರೆದು ತೋರಿಸಿದರು. ಅವರು ಪರದೆಯನ್ನಲ್ಲ, ಜೋತ ಕೈಯನ್ನು ನೋಡುತ್ತಿದ್ದರು. ಪುಸ್ತಕ ನಿಮ್ಮದೇ, ತಡವಾದರೂ ಆಗಲಿ ಎಂದು ಹೇಳಿ ಹೋದರು.

ಮರುದಿನ ಆಫೀಸಿನಲ್ಲಿ ಆವರೆಗೆ ಬಂದ ಚಿತ್ರಗಳನ್ನೆಲ್ಲ ತೆರೆದು ಕೂತೆ. ಯಾವುದು ಕನ್ನಡಿಯೊಳಗೆ ಬರೆದದ್ದು, ಯಾವುದು ಹೊರಗೆ ಎಂದು ಬೇರೆ ಮಾಡಬೇಕಿತ್ತು. ಸುಲಭದ ಕೆಲಸ, ‘ವಿ’ ಹುಡುಕಿದರಾಯಿತು. ಇಲಿಯ ಬಾಲದ ಬಳಿ ‘ವಿ’ ಉಲ್ಟಾ, ಚಿತ್ರ ತಿರುಗಿಸು. ಒಂಟೆಯ ಕಾಲ ಬಳಿ ನೆಟ್ಟಗೆ, ಬಿಡು. ಹುಡುಗಾಟದ ಹಾಗೆ ಸಾಗಿತ್ತು. ‘ಗ, ಗಡಿಯಾರ’ಕ್ಕೆ ಬಂದೆ. ‘ವಿ’ ನೆಟ್ಟಗಿತ್ತು. ಮುಂದಿನದಕ್ಕೆ ಹೋಗುವುದರಲ್ಲಿದ್ದೆ, ಏನೋ ಸರಿಯಿಲ್ಲ ಎನಿಸಿ ನಿಂತೆ.

ಮುಖದಲ್ಲಿ ಕನ್ನಡ ಅಂಕಿಗಳಿದ್ದವು. ಪ್ರತಿ ಅಂಕಿಯೂ ನೆಟ್ಟಗೆ, ಮುದ್ದಾಗಿತ್ತು. ಆದರೆ ಹನ್ನೆರಡರ ಎಡಕ್ಕೆ ಒಂದು ಇತ್ತು. ಅದರ ಕೆಳಗೆ ಎರಡು, ಮೂರು. ಗಡಿಯಾರ ಹಿಂದಕ್ಕೆ ಓಡುತ್ತಿತ್ತು.

ಕನ್ನಡಿಯ ಗುಂಡಿ ತಿರುಗಿಸಿದರೆ ಎಲ್ಲವನ್ನೂ ತಿರುಗಿಸುತ್ತದೆ. ಅಂಕಿಯನ್ನು, ಸಹಿಯನ್ನು, ಎಲ್ಲವನ್ನು. ಅಂಕಿಗಳನ್ನು ನೆಟ್ಟಗೆ ಬಿಟ್ಟು ಅವುಗಳ ಸಾಲನ್ನು ಮಾತ್ರ ತಿರುಗಿಸುವ ಗುಂಡಿ ಯಾವ ಡ್ರೈವರಿನಲ್ಲೂ ಇಲ್ಲ. ನಾನು, ಯಜಮಾನರು, ಮೇಡಂ, ಮೂವರೂ ಈ ಚಿತ್ರ ನೋಡಿ ಚೆನ್ನಾಗಿದೆ ಅಂದಿದ್ದೆವು. ನಿನ್ನೆ ತಾನೇ ಅವರ ಮುಖ ನೋಡಿ ಸರಿ ಇದ್ದೀರಿ ಎಂದವಳು ನಾನು. ಅಂಕಿಗಳನ್ನು ನಾನೇ ಕತ್ತರಿಸಿ ಸರಿಯಾದ ಜಾಗಕ್ಕೆ ಅಂಟಿಸಿದರೆ ಯಾರಿಗೂ ತಿಳಿಯುವುದಿಲ್ಲ, ಹತ್ತು ನಿಮಿಷದ ಕೆಲಸ. ಮೌಸು ಹಿಡಿದು ಒಂದು ಅಂಕಿಯನ್ನು ಆರಿಸಿಯೂ ಬಿಟ್ಟಿದ್ದೆ. ಡಾಕ್ಟರು ಹೇಳಿದ್ದು ನೆನಪಾಗಿ ಕೈ ಬಿಟ್ಟೆ, ಆಟೋ ಹಿಡಿದೆ.

ಮೇಡಂ ಗಡಿಯಾರವನ್ನು ನೋಡಿದರು. ಮೊದಲು ಏನೂ ಕಾಣಲಿಲ್ಲ ಅವರಿಗೆ. ನಾನು ಬೆರಳಿಟ್ಟು ಒಂದು, ಎರಡು, ಮೂರು ಎಂದು ತೋರಿಸಿದೆ. ಅವರ ತುಟಿಯೂ ನನ್ನ ಜೊತೆ ಎಣಿಸಿತು, ನಿಂತಿತು. ನಂತರ ಮೇಲಿನ ಗುಂಡಿ ಒತ್ತಿ ನೋಡಿದರು. ಅಂಕಿಗಳು ಉಲ್ಟಾ ಆದವು. ಇನ್ನೊಮ್ಮೆ ಒತ್ತಿದರು.

‘ಇದು ಗುಂಡಿ ಅಲ್ಲ, ಅಲ್ವಾ?’

ಅಲ್ಲ ಎಂದೆ.

ಅಕ್ಕನನ್ನು ಕರೆದು, ನಾಳೆ ಡಾಕ್ಟರ ಹತ್ತಿರ ಹೋಗಬೇಕು, ಈ ಚಿತ್ರವನ್ನೂ ಒಯ್ಯೋಣ ಎಂದು ಸಾವಧಾನವಾಗಿ ಹೇಳಿದರು. ನಾನು ಪ್ರಿಂಟ್ ಹಾಕಿಸಿ ತರುತ್ತೇನೆ ಎಂದೆ. ತಿದ್ದುವ ಕೆಲಸ ನನಗೆ ಬಿಡಿ ಎಂದೆ. ಅವರು ತಲೆಯಾಡಿಸಿ ಬೇಡ ಎಂದರು. ಒಂದು ನಕಲು ತೆಗೆದಿಟ್ಟುಕೊಂಡು, ರಬ್ಬರಿನ ಗುಂಡಿ ಒತ್ತಿ, ಹನ್ನೆರಡನ್ನು ಬಿಟ್ಟು ಉಳಿದೆಲ್ಲ ಅಂಕಿಗಳನ್ನು ಅಳಿಸಿದರು. ಪೆನ್ನು ಹನ್ನೆರಡರ ಪಕ್ಕ ಬಂದು ನಿಂತಿತು. ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು, ನಡುಗಿತು. ಆಗ ಅವರು ಪರದೆಯಿಂದ ಕಣ್ಣು ತೆಗೆದು ಹಲಗೆಯ ಮೇಲೆ ಬಿದ್ದಿದ್ದ ತಮ್ಮ ಕೈಯನ್ನು ನೋಡಿದರು.

‘ಬಲ ಅಂದ್ರೆ ಗುಂಡಿ ಇರೋ ಕಡೆ’ ಎಂದರು. ನನ್ನನ್ನಲ್ಲ, ತಮ್ಮನ್ನೇ ಕೇಳಿಕೊಂಡ ಹಾಗಿತ್ತು.

ಹೌದು ಮೇಡಂ ಎಂದೆ. ಅವರು ಒಂದು ಬರೆದರು.